ಹನ್ನೊಂದು ಅಂಗಡಿಗಳ ಮುಂದಿನ ನೆಲ

ಮೊದಲೇ ಹೇಳಿಬಿಡುತ್ತೇನೆ, ಆ ಡ್ರಮ್ಮುಗಳನ್ನು ಇಡುವ ಯೋಚನೆ ನನ್ನದು. ಅಣ್ಣನದಲ್ಲ, ಹಾವೇರಿಯ ವಕೀಲರದಲ್ಲ, ಬೆಂಗಳೂರಿನಿಂದ ಅನುದಾನದ ಕಾಗದ ಹಿಡಿದುಕೊಂಡು ಬಂದಿದ್ದ ಆ ಹುಡುಗಿಯದೂ ಅಲ್ಲ. ಈಗ ಎಲ್ಲರ ಮೇಲೂ ಹರಿಹಾಯುತ್ತೇನೆ, ಹಾಯುವುದಕ್ಕೆ ಕಾರಣವೂ ಇದೆ. ಆದರೆ ಬೈಸಿಕೊಳ್ಳುವವರ ಪಟ್ಟಿಯಲ್ಲಿ ಮೊದಲು ನಿಲ್ಲಬೇಕಾದವಳು ನಾನೇ. ರಾಣೇಬೆನ್ನೂರಿನ ಹೆಣ್ಣುಮಕ್ಕಳ ಶಾಲೆಯಲ್ಲಿ ಮೂವತ್ತು ವರ್ಷದ ಮೇಲೆ ಕಲಿಸಿ, ಮುಖ್ಯೋಪಾಧ್ಯಾಯಿನಿಯಾಗಿ ನಿವೃತ್ತಳಾದವಳು ನಾನು. ತಪ್ಪು ಮಾಡಿದವರು ತಾವಾಗಿಯೇ ಒಪ್ಪಿಕೊಳ್ಳಬೇಕು ಎಂದು ಎಷ್ಟು ಮಕ್ಕಳ ಕಿವಿ ಹಿಂಡಿದ್ದೇನೋ ಲೆಕ್ಕವಿಲ್ಲ.

ನಿವೃತ್ತಿಯಾದ ಮೇಲೂ ಹಳೆಯ ವಿದ್ಯಾರ್ಥಿನಿಯರು ಮನೆಗೆ ಬರುವುದು ನಿಲ್ಲಲಿಲ್ಲ. ನರ್ಸಿಂಗ್, ಡಿಪ್ಲೊಮಾ, ಬಿ.ಎಡ್., ಏನೋ ಒಂದು ಓದುತ್ತಿರುತ್ತಿದ್ದರು, ಕೊನೆಯ ವರ್ಷಕ್ಕೆ ಬಂದು ಶುಲ್ಕಕ್ಕೆ ತಡವರಿಸುತ್ತಿದ್ದರು. ಬಾಗಿಲಲ್ಲಿ ನಿಂತು ದುಪಟ್ಟಾದ ತುದಿ ತಿರುವುತ್ತಾ, ಕೂತುಕೊಳ್ಳುವುದಕ್ಕೂ ಸಂಕೋಚಪಡುವ ಆ ಹುಡುಗಿಯರನ್ನು ನೋಡಿ ನೋಡಿ ನನಗೆ ರೇಗಿತು. ಮೆಣಸಿನಕಾಯಿಯ ಬ್ಯಾಡಗಿ, ಬೀಜದ ರಾಣೇಬೆನ್ನೂರು, ಕಚೇರಿಗಳ ಹಾವೇರಿ, ಒಂದಕ್ಕೊಂದು ಒಂದು ತಾಸಿನ ದಾರಿ. ಮೂರೂ ಊರು ಸೇರಿದರೆ ವರ್ಷಕ್ಕೆ ಹತ್ತಿಪ್ಪತ್ತು ಹುಡುಗಿಯರ ಕೊನೆಯ ವರ್ಷ ದಾಟಿಸುವುದಕ್ಕೆ ಆಗುವುದಿಲ್ಲವೇ? ನಮ್ಮದೇ ಒಂದು ಪ್ರತಿಷ್ಠಾನ ಕಟ್ಟೋಣ ಎಂದೆ. ಹಾವೇರಿಯ ವಕೀಲರೊಬ್ಬರು ಕಾಗದಪತ್ರ ಮಾಡಿಕೊಟ್ಟು ಖಜಾಂಚಿಯಾದರು. ಬ್ಯಾಡಗಿಯಲ್ಲಿ ದಲಾಲಿ ಅಂಗಡಿ ನಡೆಸುವ ನನ್ನ ಅಣ್ಣ ಅಧ್ಯಕ್ಷನಾದ. ನಾನು ಕಾರ್ಯದರ್ಶಿ. ಓಡಾಡುವವಳು ಎಂದು ಅದರ ಅರ್ಥ.

ಓಡಾಡಿದೆ. ಚಪ್ಪಲಿ ಸವೆಸಿದೆ. ರಾಣೇಬೆನ್ನೂರಿನ ಒಬ್ಬ ಬಟ್ಟೆ ವ್ಯಾಪಾರಿ, "ಅಕ್ಕಾರ, ಫ್ಯಾನ್ ಕೊಡ್ತೇನ್ರಿ, ಮೂರೂ ರೆಕ್ಕಿ ಮ್ಯಾಲೆ ನಮ್ಮಪ್ಪನ ಹೆಸರು ಬರಸ್ರಿ" ಎಂದ. ನಮಗೆ ಸೂರೇ ಇಲ್ಲ, ಫ್ಯಾನನ್ನು ನನ್ನ ನೆತ್ತಿಗೆ ಸಿಕ್ಕಿಸಬೇಕಿತ್ತು. ಇನ್ನೊಬ್ಬ ದಾನದ ಮಾತೆತ್ತುವ ಮೊದಲು ನಾಮಫಲಕದ ಅಳತೆ ಕೇಳಿದ. ಹಾವೇರಿಯಲ್ಲಂತೂ, "ಈ ಸಲ ಚುನಾವಣಿಗೆ ನಿಂದ್ರಾವ್ರೇನ್ರಿ?" ಎಂದರು. ಗುತ್ತಲದ ಒಬ್ಬ ಮುದುಕ ರೈತ ಮಾತ್ರ ಏನೂ ಕೇಳದೆ ಜೇಬಿನಲ್ಲಿದ್ದುದನ್ನು ಕೈಗಿಟ್ಟು ಬಸ್ ಹತ್ತಿದ.

ಆಗ ಬೆಂಗಳೂರಿನ ಒಂದು ಸಂಸ್ಥೆ ನಮ್ಮ ಅರ್ಜಿಗೆ ಒಪ್ಪಿತು. ನಾವು ಊರಿನಲ್ಲಿ ಎಷ್ಟು ಕೂಡಿಸುತ್ತೇವೆಯೋ ಅದರ ಎರಡರಷ್ಟು ಅವರು ಕೊಡುತ್ತಾರೆ. ಷರತ್ತು ಒಂದೇ. ಒಬ್ಬ ಸಾಹುಕಾರನ ಚೆಕ್ ನಡೆಯುವುದಿಲ್ಲ. ಊರಿನ ಬಹಳ ಜನ, ಸ್ವಲ್ಪ ಸ್ವಲ್ಪವಾಗಿ, ಹಂಗಾಮಿನಿಂದ ಹಂಗಾಮಿಗೆ ತಪ್ಪದೆ ಕೊಡುತ್ತಿರಬೇಕು. ಆ ಸಂಸ್ಥೆಯ ಹುಡುಗಿ ನಮ್ಮ ಮನೆಯ ಜಗಲಿಯಲ್ಲಿ ಕೂತು ಲ್ಯಾಪ್‌ಟಾಪ್ ಬಿಚ್ಚಿಕೊಂಡು, "ಇಲ್ಲಿಯದೇ ಆದ ಏನಾದರೂ ಪದ್ಧತಿ ಇದೆಯಾ ಮೇಡಂ?" ಎಂದು ಕೇಳಿದಳು. ನನಗೆ ತಟ್ಟನೆ ಹೊಳೆಯಿತು. ಹೊಳೆಯದೆ ಇದ್ದಿದ್ದರೆ ಎಷ್ಟು ಚೆನ್ನಾಗಿತ್ತು.

ನಾನು ಹುಟ್ಟಿ ಬೆಳೆದದ್ದು ಬ್ಯಾಡಗಿಯಲ್ಲಿ, ಅಣ್ಣ ಈಗ ನಡೆಸುವ ಅದೇ ಅಂಗಡಿಯ ಅಟ್ಟದ ಮೇಲೆ. ಸೋಮವಾರ, ಗುರುವಾರ ಪೇಟೆ. ಅಂಗಡಿಗಳ ಮುಂದೆ ರೈತರ ಚೀಲ ಬಿಚ್ಚಿ ರಾಶಿ ಹಾಕುತ್ತಾರೆ. ಖರೀದಿದಾರರು ರಾಶಿಯಿಂದ ರಾಶಿಗೆ ಹೋಗುತ್ತಾ ಒಂದು ಹಿಡಿ ಎತ್ತಿ, ಒಂದು ಕಾಯಿ ಮುರಿದು, ಬಣ್ಣ ನೋಡಿ, ಮೂಸಿ, ಉಳಿದದ್ದನ್ನು ಕೆಳಗೆ ಚೆಲ್ಲಿ ಮುಂದೆ ನಡೆಯುತ್ತಾರೆ. ಎತ್ತಿದ್ದನ್ನು ಮರಳಿ ರಾಶಿಗೆ ಹಾಕುವ ರೂಢಿಯಿಲ್ಲ. ಒಬ್ಬನಲ್ಲ, ನೂರಾರು ಜನ. ಸಂಜೆಗೆ ನೆಲವೆಲ್ಲ ಕೆಂಪು. ಅಟ್ಟದ ಕಿಟಕಿಯಿಂದ ಆ ಕೆಂಪು ನೋಡುತ್ತಲೇ ದೊಡ್ಡವಳಾದೆ. ಮರುದಿನ ಬೆಳಿಗ್ಗೆ ನೆಲ ಸ್ವಚ್ಛವಾಗಿರುತ್ತಿತ್ತು. ಆ ಕಾಯಿ ಎಲ್ಲಿ ಹೋಯಿತು ಎಂದು ಒಂದು ದಿನವೂ ಕೇಳಲಿಲ್ಲ.

ಯೋಚನೆ ಇಷ್ಟೇ. ಒಂದೊಂದು ಅಂಗಡಿಯ ಮುಂದೆ ಒಂದು ತಗಡಿನ ಡ್ರಮ್ಮು. ಖರೀದಿದಾರರು ಹಿಡಿದ ಹಿಡಿಯನ್ನು ನೆಲಕ್ಕೆ ಚೆಲ್ಲುವ ಬದಲು ಡ್ರಮ್ಮಿಗೆ ಹಾಕಬೇಕು. ತುಂಬಿದ್ದನ್ನು ಟೆಂಡರಿಗೆ ಇಟ್ಟು, ಬಂದದ್ದು ಹುಡುಗಿಯರ ಓದಿಗೆ. ಹಾಳಾಗುವುದು ಉಪಯೋಗಕ್ಕೆ ಬರುತ್ತದೆ, ಯಾರ ಜೇಬಿನಿಂದಲೂ ಏನೂ ಹೋಗುವುದಿಲ್ಲ. ಅಣ್ಣ ಕೇಳಿದವನೇ, "ಭಾಳ ಚೊಲೋ ಐತಿ, ನಾಳೀನ ಮಾಡೂಣು" ಎಂದ. ಫ್ಯಾನಿನ ರೆಕ್ಕೆಗೆ ಹೆಸರು ಕೇಳುವಂಥ ಜನರೇ, ಒಂದು ಕಾಸೂ ಬಿಚ್ಚಬೇಕಿಲ್ಲ ಎಂದು ಗೊತ್ತಾದ ಕೂಡಲೇ, ಊರಿಗೆ ಊರೇ ಧರ್ಮಾತ್ಮರಾದರು. ನನಗೆ ಅಲ್ಲೇ ಅನುಮಾನ ಬರಬೇಕಿತ್ತು.

ಹನ್ನೊಂದು ಅಂಗಡಿಗಳ ಒಂದು ಸಾಲಿನಿಂದ ಶುರುಮಾಡಿದೆವು. ಡ್ರಮ್ಮುಗಳಿಗೆ ಹೂವಿನ ಹಾರ ಹಾಕಿ ಉದ್ಘಾಟನೆ ಮಾಡಿದೆವು. ಆ ಸಾಲಿನಲ್ಲಿ ಕಸ ಗುಡಿಸುವ ಹೆಂಗಸೊಬ್ಬಳು, ಐವತ್ತರ ಆಸುಪಾಸಿನ ಮುಸ್ಲಿಂ ವಿಧವೆ, ಜನರ ನಡುವೆ ದಾರಿ ಮಾಡಿಕೊಂಡು ನನ್ನ ಹತ್ತಿರ ಬಂದಳು. "ಅಕ್ಕಾರ, ಒಂದು ಮಾತು ಹೇಳೂದಿತ್ತು" ಎಂದಳು. ಪೇಟೆಯ ನೆಲವನ್ನು ಇಷ್ಟು ವರ್ಷ ಸ್ವಚ್ಛ ಇಟ್ಟವಳು, ಅವಳಿಗೂ ಗೌರವ ಸಲ್ಲಬೇಕು ಎಂದು ನನಗೆ ಅನಿಸಿತು. ಅತಿಥಿಗಳಿಗೆಂದು ತಂದಿದ್ದ ಸೀರೆಗಳಲ್ಲಿ ಒಂದನ್ನು ಅವಳ ಕೈಗೆ ಕೊಟ್ಟೆ, ಫೋಟೊ ತೆಗೆಸಿದೆ, "ಆಮ್ಯಾಲೆ ಮಾತಾಡೂಣಂತ" ಎಂದು ಬೆನ್ನು ತಟ್ಟಿ ಕಳಿಸಿದೆ. ಆ ಫೋಟೊದಲ್ಲಿ ನಾನು ಹಲ್ಲು ಕಿಸಿದಿದ್ದೇನೆ, ಅವಳು ನಕ್ಕಿಲ್ಲ.

ಡ್ರಮ್ಮುಗಳು ತುಂಬಿದವು. ಹೆಸರು ಬರುತ್ತದೆಂದು ಟೆಂಡರಿನಲ್ಲಿ ಪೈಪೋಟಿಯ ಮೇಲೆ ದರ ಬರೆದರು. ಬೆಂಗಳೂರಿನ ಸಂಸ್ಥೆ ತನ್ನ ವರದಿಯ ಮುಖಪುಟಕ್ಕೆ ನಮ್ಮ ಡ್ರಮ್ಮಿನ ಚಿತ್ರ ಹಾಕಿತು. ಬೇರೆ ಜಿಲ್ಲೆಯವರು ನೋಡುವುದಕ್ಕೆ ಬಂದರು. ನಾನು ವೇದಿಕೆ ಹತ್ತಿ, ಕೊಡುವುದಕ್ಕೆ ಶ್ರೀಮಂತಿಕೆ ಬೇಕಿಲ್ಲ, ಮನಸ್ಸು ಬೇಕು ಎಂದೆಲ್ಲ ಭಾಷಣ ಬಿಗಿದೆ. ಈಗ ನೆನೆದರೆ ಮೈ ಮೇಲೆ ಮುಳ್ಳು ಏಳುತ್ತದೆ.

ಒಂದು ಹಂಗಾಮು ಮುಗಿದು ಎರಡನೆಯದು ಶುರುವಾದಾಗ ಸಹಾಯಧನಕ್ಕೆ ಅರ್ಜಿ ಕರೆದೆವು. ರಾಣೇಬೆನ್ನೂರಿನ ನನ್ನ ಹಳೆಯ ಶಾಲೆಯ ಒಂದು ಕೋಣೆಯಲ್ಲಿ ಸಂದರ್ಶನ. ಮೇಜಿನ ಹಿಂದೆ ಅಣ್ಣ, ವಕೀಲರು, ನಾನು. ಬ್ಯಾಡಗಿಯ ಒಬ್ಬ ಹುಡುಗಿ ಬಂದಳು. ಹಾವೇರಿಯಲ್ಲಿ ನರ್ಸಿಂಗ್ ಕೊನೆಯ ವರ್ಷ. ಎರಡು ವರ್ಷ ಒಳ್ಳೆಯ ಅಂಕ, ಶುಲ್ಕವೂ ಚುಕ್ತಾ. ಈ ವರ್ಷದ್ದು ಮಾತ್ರ ಬಾಕಿ, ಕಟ್ಟದಿದ್ದರೆ ಪರೀಕ್ಷೆಯ ಫಾರ್ಮು ತುಂಬಿಸಿಕೊಳ್ಳುವುದಿಲ್ಲ, ಅದಕ್ಕೆ ಎರಡು ತಿಂಗಳಷ್ಟೇ ಉಳಿದಿತ್ತು. ಬೆಂಗಳೂರಿನವರು ತಯಾರಿಸಿದ ಅರ್ಜಿಯಲ್ಲಿ, ಕುಟುಂಬದ ಆದಾಯ ಕಡಿಮೆಯಾಗಿದ್ದರೆ ಕಾರಣ ತಿಳಿಸಿ ಎಂಬ ಸಾಲೊಂದಿತ್ತು. ದುಂಡನೆಯ ಅಕ್ಷರದಲ್ಲಿ ಅವಳು ಬರೆದಿದ್ದಳು: ನಮ್ಮ ತಾಯಿ ಗುಡಿಸುವ ಅಂಗಡಿಗಳ ಮುಂದೆ ನೀವು ಡ್ರಮ್ಮು ಇಟ್ಟಿದ್ದೀರಿ.

ವಕೀಲರಿಗೆ ತಿಳಿಯಲಿಲ್ಲ. "ಇದೇನಮ್ಮಾ, ಹಿಂಗ್ಯಾಕ ಬರದಿ?" ಎಂದರು.

"ಇದ್ದದ್ದನ್ನ ಬರದೇನ್ರಿ" ಎಂದಳು ಹುಡುಗಿ. "ಅಮ್ಮಿಗೆ ಪಗಾರ ಇಲ್ರಿ. ಕೆಳಗ ಬಿದ್ದ ಕಾಯಿ ಅಕಿಗೆ. ಅದನ್ನ ಹಸನ ಮಾಡಿ, ತೊಟ್ಟು ತಗದು, ಖಾನಾವಳಿಗೆ ಮಾರ್ತಿದ್ಳು. ನನ್ನ ಎರಡು ವರ್ಷದ ಫೀ ಅದರಾಗ ಆಗೇತ್ರಿ. ಹೋದ ವರ್ಷದಿಂದ ಕಾಯಿ ನಿಮ್ಮ ಕಡೆ ಬರಾಕತ್ತಾವು. ಅದಕ್ಕ ನಾನೂ ನಿಮ್ಮ ಕಡೆ ಬಂದೇನಿ."

ಇದನ್ನು ಹೇಳುವಾಗ ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ವಿಳಾಸ ಕೇಳಿದವರಿಗೆ ದಾರಿ ಹೇಳುವವರಂತೆ ಹೇಳಿದಳು. ಪಕ್ಕಕ್ಕೆ ತಿರುಗಿ ಅಣ್ಣನನ್ನು ನೋಡಿದೆ. ಅವನು ಕಿಟಕಿಯ ಕಡೆ ನೋಡುತ್ತಿದ್ದ. ಚಿಕ್ಕಂದಿನಿಂದ ನೋಡಿದ್ದೇನೆ, ಗೊತ್ತಿಲ್ಲದ ವಿಷಯಕ್ಕೆ ಅವನು ಕಿಟಕಿ ನೋಡುವುದಿಲ್ಲ. ಗೊತ್ತಿರುವ ವಿಷಯಕ್ಕೆ ನೋಡುತ್ತಾನೆ.

ಹುಡುಗಿ ಹೊರಗೆ ಹೋದ ಮೇಲೆ, "ನಿನಗ ಇದು ಗೊತ್ತಿತ್ತು?" ಎಂದೆ.

"ಗೊತ್ತಿರದ ಏನು? ಹುಟ್ಟಿದಾಗಿಂದ ಅಂಗಡ್ಯಾಗ ಕುಂತೇನಿ."

"ಮತ್ಯಾಕ ಬಾಯಿ ಮುಚಗೊಂಡು ಕುಂತಿ?"

"ನೀ ಅಷ್ಟ ಹುರುಪಿನಿಂದ ಬಂದು ಕೇಳಿದಿ. ನಮ್ಮ ಕೈಯಿಂದ ಹೋಗೂದು ಏನೂ ಇರಲಿಲ್ಲ. ಯಾಕ ಬ್ಯಾಡನ್ನಲಿ?"

ನನ್ನ ಪಿತ್ತ ನೆತ್ತಿಗೇರಿತು. ಬಾಯಿಗೆ ಬಂದಂತೆ ಬೈದೆ, ಹೊರಗೆ ಸಾಲಿನಲ್ಲಿ ಕೂತಿದ್ದ ಹುಡುಗಿಯರಿಗೆಲ್ಲ ಕೇಳಿಸಿರಬೇಕು. ಅವನು ಎಲೆಯಡಿಕೆ ಬಾಯಿಗಿಟ್ಟುಕೊಂಡು, "ಆ ಹುಡಿಗಿಗೆ ಸಹಾಯಧನ ಬರಿ, ಮುಗೀತಲ್ಲ" ಎಂದ. ಕಸಿದುಕೊಂಡದ್ದರಲ್ಲಿ ಸ್ವಲ್ಪ ಮರಳಿ ಕೊಟ್ಟು ಹಾರ ಹಾಕಿಸಿಕೊಳ್ಳುವುದನ್ನು ಎಷ್ಟು ಸಲೀಸಾಗಿ ಹೇಳಿದ.

ಮರುದಿನ ಬ್ಯಾಡಗಿಗೆ ಹೋಗಿ ಆ ಹುಡುಗಿಯ ತಾಯಿಯ ಮನೆ ಹುಡುಕಿದೆ. "ಬರ್ರಿ ಅಕ್ಕಾರ, ಕುಂದ್ರಿ" ಎಂದು ಚಾಪೆ ಹಾಸಿ, ಚಹಾಕ್ಕೆ ಇಟ್ಟಳು. ಮನೆಗೆ ಬಂದವರನ್ನು ಹೀಗೇ ಕರೆಯುವ ಜನ ಅವರು, ಬಂದವರು ನನ್ನಂಥವರಾದರೂ.

"ಆ ಹನ್ನೊಂದು ಅಂಗಡಿ ನಮ್ಮ ಅತ್ತಿ ಕೈಯಿಂದ ಬಂದದ್ದರಿ" ಎಂದಳು. "ಅತ್ತಿಗೆ ಅವರತ್ತಿ ಕೊಟ್ಟಿದ್ರು. ಬ್ಯಾರೆದವ್ರು ಆ ಸಾಲಿನ್ಯಾಗ ಕಸಬರಗಿ ಹಚ್ಚೂದಿಲ್ಲ, ನಾನೂ ಬ್ಯಾರೆಯವರ ಸಾಲಿಗೆ ಹೋಗೂದಿಲ್ಲ. ನಮಗ ಹೊಲ ಇಲ್ಲ, ಮನಿ ಬಾಡಗಿದು. ನಮ್ಮ ಆಸ್ತಿ ಅಂದ್ರ ಆ ನೆಲ. ಇದನ್ನೆಲ್ಲಾ ಯಾರು ಬರದಿಟ್ಟಾರು?"

"ನನಗ ಯಾಕ ಹೇಳಲಿಲ್ಲ?" ಎಂದು ಕೇಳಿದೆ. ಕೇಳಬಾರದಿತ್ತು.

"ಹೇಳಾಕ ಬಂದಿದ್ದೆ. ನೀವು ಸೀರಿ ಕೊಟ್ರಿ."

ಗೋಡೆಯ ಗೂಡಿನಿಂದ ಆ ಸೀರೆ ತೆಗೆದು ನನ್ನ ಮುಂದಿಟ್ಟಳು. ಪ್ಲಾಸ್ಟಿಕ್ ಚೀಲ ಕೂಡ ಬಿಚ್ಚಿರಲಿಲ್ಲ. "ಇದನ್ನ ಒಯ್ಯಿರಿ. ಉಟ್ರ ಒಪ್ಪಿಗೊಂಡಂಗ ಆಕ್ಕೈತಿ" ಎಂದಳು. ನಾನು ನನ್ನ ಪಿಂಚಣಿಯಿಂದ ಮಗಳ ಶುಲ್ಕ ಕಟ್ಟುತ್ತೇನೆ ಎಂದೆ. "ನಿಮ್ಮ ಪಿಂಚಣಿ ನೀವು ದುಡದದ್ದು, ಅದನ್ಯಾಕ ನಾ ತಗೊಳ್ಳಲಿ? ನನಗ ಏನೂ ಕೊಡಬ್ಯಾಡ್ರಿ ಅಕ್ಕಾರ. ತಗೊಳ್ಳೂದು ಬಿಡ್ರಿ, ಅಷ್ಟ." ಚಹಾ ಬಂತು. ಕುಡಿದೆ. ಅಷ್ಟು ಕಷ್ಟಪಟ್ಟು ಒಂದು ಲೋಟ ಚಹಾ ನಾನು ಎಂದೂ ಕುಡಿದಿಲ್ಲ.

ಸಭೆ ಕರೆದೆ. ಡ್ರಮ್ಮು ತೆಗೆಯೋಣ ಎಂದೆ. ವಕೀಲರು ಕಡತ ಬಿಡಿಸಿದರು. "ಕಾಯ್ದೆ ಪ್ರಕಾರ ಕೆಳಗ ಬಿದ್ದ ಮಾಲು ರೈತಂದು. ಗುಡಿಸಾಕಿದು ಹೆಂಗ ಆಕ್ಕೈತ್ರಿ?"

"ಹಂಗಾದ್ರ ನಮ್ಮದು ಹೆಂಗಾತು?" ಎಂದೆ. ಅವರು ಕಡತದ ಪುಟ ತಿರುವಿದರು. ಕಾಯ್ದೆಯ ಬಗ್ಗೆ ಅವರು ಹೇಳಿದ್ದು ಮಾತ್ರ ಖರೇ. ಆ ಹಿಡಿ ಮೆಣಸಿನಕಾಯಿ ಅಣ್ಣನದಾಗಲಿ, ಖರೀದಿದಾರನದಾಗಲಿ ಆಗಿರಲೇ ಇಲ್ಲ. ಗುತ್ತಲದಿಂದಲೋ ಹಲಗೇರಿಯಿಂದಲೋ ಬಂದ ರೈತನ ರಾಶಿಯದು ಅದು. ಚೆಲ್ಲಿದ್ದನ್ನು ಗುಡಿಸುವವಳು ಒಯ್ಯುತ್ತಾಳೆ ಎಂದು ಅವನೂ ಸುಮ್ಮನಿದ್ದ. ತಮ್ಮದಲ್ಲದ್ದನ್ನು ಇವರು ದಾನ ಕೊಟ್ಟರು, ನಾನು ರಸೀದಿ ಹರಿದೆ.

ಅನುದಾನದ ಎರಡನೆಯ ಕಂತು ಇನ್ನೂ ಬಂದಿರಲಿಲ್ಲ. ಊರಿನ ಸಂಗ್ರಹ ನಿಂತರೆ ಅದೂ ನಿಲ್ಲುತ್ತದೆ ಎಂದು ಎಲ್ಲರಿಗೂ ಭಯ. ಬೆಂಗಳೂರಿನ ಹುಡುಗಿಗೆ ಫೋನ್ ಮಾಡಿ ನಡೆದದ್ದನ್ನೆಲ್ಲ ಹೇಳಿದೆ. ಅವಳು, "ಮೇಡಂ, ಇದನ್ನ ಒಂದು ಕಲಿಕೆ ಅಂತ ನೋಡಬಹುದಲ್ವಾ? ಆ ಅಮ್ಮನನ್ನೇ ಫಲಾನುಭವಿಗಳ ಪಟ್ಟಿಗೆ ಸೇರಿಸಿದ್ರೆ ಕಥೆ ಇನ್ನೂ ಚೆನ್ನಾಗಿರುತ್ತೆ" ಎಂದಳು. ಕಥೆ ಅಂತೆ, ಕಥೆ. "ಕಲಿಕೆ ನಿಮ್ಮದು, ಶುಲ್ಕ ಕಟ್ಟಿದ್ದು ಅಕಿ" ಎಂದು ಹೇಳಿ ಫೋನು ಕುಕ್ಕಿದೆ. ಸಭೆಯಲ್ಲಿ ಕೈ ಎತ್ತಿಸಿದರು. ನನ್ನ ಕಡೆ ನನ್ನದೊಂದೇ ಕೈ.

ಆಗಲಿ ಎಂದು ಸೋಮವಾರ ಪೇಟೆ ತೆರೆಯುವ ಮೊದಲೇ ಒಂದು ಗೂಡ್ಸ್ ಆಟೊ ಮಾಡಿಕೊಂಡು ಬ್ಯಾಡಗಿಗೆ ಹೋದೆ. ಹನ್ನೊಂದು ಡ್ರಮ್ಮುಗಳನ್ನೂ ನಾನೇ ಎತ್ತಿಸಿ ಹೇರಿಸಿದೆ. ಅಣ್ಣ ಅಂಗಡಿಯ ಮೆಟ್ಟಿಲ ಮೇಲೆ ನಿಂತು ನೋಡಿದ, ತಡೆಯಲಿಲ್ಲ. ಅವನು ತಡೆಯದಿದ್ದುದು ನನ್ನ ಸಿಟ್ಟಿಗೆ ಹೆದರಿ ಎಂದುಕೊಂಡೆ. ಗೆದ್ದೆ ಎಂದೇ ಆಟೊದ ಮುಂದಿನ ಸೀಟಿನಲ್ಲಿ ಕೂತು ರಾಣೇಬೆನ್ನೂರಿಗೆ ಬಂದೆ, ರಾಜೀನಾಮೆಯನ್ನೂ ಬರೆದು ಕಳಿಸಿದೆ.

ಗುರುವಾರ ಹೋಗಿ ನೋಡಿದರೆ ಹನ್ನೊಂದು ಅಂಗಡಿಗಳ ಮುಂದೆಯೂ ಒಂದೊಂದು ಗೋಣಿಚೀಲ ಬಾಯಿ ತೆರೆದುಕೊಂಡು ನಿಂತಿತ್ತು. ಖರೀದಿದಾರರಿಗೆ ಒಂದು ವರ್ಷದಲ್ಲಿ ಅಭ್ಯಾಸವಾಗಿ ಹೋಗಿತ್ತು, ನೆಲಕ್ಕೆ ಚೆಲ್ಲುವುದನ್ನೇ ಮರೆತಿದ್ದರು. ಮೂಸುತ್ತಿದ್ದರು, ಚೀಲಕ್ಕೆ ಹಾಕುತ್ತಿದ್ದರು. ಆ ಸಾಲಿನ ಒಬ್ಬ ಅಂಗಡಿಕಾರ ನನ್ನನ್ನು ಕಂಡು ಕೈ ಮುಗಿದ. "ಅಕ್ಕಾರ, ನೀವು ಕಣ್ಣು ತೆರಸಿದ್ರಿ ನೋಡ್ರಿ. ಇಷ್ಟ ವರ್ಷ ಇಷ್ಟೊಂದು ಮಾಲು ಕಸದಾಗ ಹೊಕ್ಕಿತ್ತಂತ ನಮಗ ಗೊತ್ತಾಗಿರಲಿಲ್ಲ." ಅವನು ವ್ಯಂಗ್ಯ ಮಾಡಲಿಲ್ಲ, ನಿಜವಾಗಿಯೂ ಉಪಕಾರ ನೆನೆದ. ಅಣ್ಣನ ಅಂಗಡಿಯ ಮುಂದೆಯೂ ಚೀಲವಿತ್ತು. ಅದರಲ್ಲಿ ಒಂದು ಪಾಲು ಪ್ರತಿಷ್ಠಾನಕ್ಕೆ, ಉಳಿದದ್ದು ಅಂಗಡಿಗೆ ಎಂದು ಅವರಲ್ಲಿ ಮಾತಾಗಿತ್ತಂತೆ. ಊರಿನ ಸಂಗ್ರಹ ಮುಂದುವರಿದಿದೆ ಎಂದು ವಕೀಲರು ಬೆಂಗಳೂರಿಗೆ ಬರೆದರು, ಎರಡನೆಯ ಕಂತೂ ಬಂತು.

ಆ ಹೆಂಗಸು ಸಾಲಿನ ಕೊನೆಯಲ್ಲಿ ಗುಡಿಸುತ್ತಿದ್ದಳು. ಈಗ ದಿನಗೂಲಿ ಗೊತ್ತುಮಾಡಿದ್ದಾರೆ ಎಂದಳು, ಅದೂ ಪೇಟೆ ಇದ್ದ ದಿನ ಮಾತ್ರ. ಅವಳ ಮೊರದಲ್ಲಿ ಮಣ್ಣು, ಮುರಿದ ತೊಟ್ಟು, ಬೀಜ ಇಷ್ಟೇ ಇತ್ತು. ಚೀಲಗಳನ್ನು ತೆಗೆಸುತ್ತೇನೆ, ಪೇಟೆಯ ಅಧಿಕಾರಿಗಳ ಹತ್ತಿರ ಹೋಗುತ್ತೇನೆ ಎಂದು ನಾನು ಕೂಗಾಡಿದೆ. "ಹೋಗ್ರಿ, ಬ್ಯಾಡನ್ನೂದಿಲ್ಲ" ಎಂದಳು. "ಆದ್ರ ಮಗಳ ಪರೀಕ್ಷಿ ಅಲ್ಲಿತನಕ ನಿಂದ್ರೂದಿಲ್ಲ. ಆ ಸಹಾಯಧನ ತಗೋ ಅಂತ ಹೇಳೇನಿ. ಅದು ನಮ್ಮದ ಐತಿ, ನಮಗ ಬರ್ಲಿ." ಅಧಿಕಾರಿಗಳ ಹತ್ತಿರ ಹೋದೆ. ಲಿಖಿತ ದಾಖಲೆ ಏನಾದರೂ ಇದೆಯೇ ಎಂದು ಕೇಳಿದರು.

ಸಹಾಯಧನ ವಿತರಣೆ ಹಾವೇರಿಯ ಒಂದು ಸಭಾಭವನದಲ್ಲಿ. ಪರೀಕ್ಷೆಯ ಫಾರ್ಮಿಗೆ ನಾಲ್ಕು ದಿನ ಉಳಿದಿತ್ತು. ನನಗೆ ಆಮಂತ್ರಣ ಇರಲಿಲ್ಲ, ಹೋದೆ. ಹಿಂದಿನ ಸಾಲಿನಲ್ಲಿ ಆ ತಾಯಿ ಒಬ್ಬಳೇ ಕೂತಿದ್ದಳು, ಪಕ್ಕದಲ್ಲಿ ಕೂತೆ. ವೇದಿಕೆಯ ಮೇಲೆ ಅಣ್ಣ, ವಕೀಲರು, ಬೆಂಗಳೂರಿನ ಹುಡುಗಿ, ಇನ್ನೂ ಯಾರುಯಾರೋ ಶಾಲು ಹೊದ್ದವರು. ಮಗಳ ಸರದಿ ಬಂತು. ಚೆಕ್ ಕೊಟ್ಟರು, ಫೋಟೊ ತೆಗೆದರು. ನಿರೂಪಣೆ ಮಾಡುತ್ತಿದ್ದವನು ಮೈಕು ಮುಂದೆ ಹಿಡಿದು, ಎರಡು ಕೃತಜ್ಞತೆಯ ಮಾತು ಆಡಬೇಕು ಎಂದ.

ಹುಡುಗಿ ಚೆಕ್ ಅನ್ನು ಮಡಿಸಿ ಬ್ಯಾಗಿನಲ್ಲಿಟ್ಟು, ಜಿಪ್ಪು ಎಳೆದು, ಆಮೇಲೆ ಮೈಕು ತೆಗೆದುಕೊಂಡಳು.

"ಬ್ಯಾಡಗಿ ಪ್ಯಾಟ್ಯಾಗ ಹನ್ನೊಂದು ಅಂಗಡಿ ಅದಾವ್ರಿ. ಅವುಗಳ ಮುಂದ ನಮ್ಮ ಅಮ್ಮಿ ನಾ ಹುಟ್ಟೂಕಿಂತ ಮೊದಲಿಂದ ಕಸಾ ಹೊಡದಾಳ. ಈ ಚೆಕ್ಕಿನ್ಯಾಗ ಇರೂದು ಅಕಿ ಮೆಣಸಿನಕಾಯಿ. ನೀವು ಅಕಿ ಕೈಯಿಂದ ಕಸಗೊಂಡು ನನ್ನ ಕೈಯಾಗ ಕೊಟ್ಟೀರಿ. ಇದಕ್ಕ ನಾ ಯಾರಿಗೂ ಉಪಕಾರ ಹೇಳೂದಿಲ್ರಿ."

ಮೈಕು ಮರಳಿ ಕೊಟ್ಟು ಇಳಿದು ನಡೆದಳು. ಅಣ್ಣ ಕಿಟಕಿ ಹುಡುಕುತ್ತಿದ್ದ. ಈಗಲಾದರೂ ಒಬ್ಬರಿಗೆ ಚುರುಕ್ ಅನ್ನಲಿ ಎಂದು ನಾನು ವೇದಿಕೆಯ ಒಂದೊಂದು ಮುಖವನ್ನೂ ನೋಡಿದೆ. ನಿರೂಪಕ ಅನುಭವಸ್ಥ, ಕೆಲಸ ಕಲಿತವನು. "ಕಸ ಗುಡಿಸಿ ಮಗಳನ್ನು ಓದಿಸಿದ ತಾಯಿಯನ್ನು ಎಷ್ಟು ಚೆನ್ನಾಗಿ ನೆನೆದಳು ನೋಡಿ, ಆ ಮಹಾತಾಯಿಗೆ ಜೋರಾದ ಚಪ್ಪಾಳೆ ಬರಲಿ" ಎಂದ. ಬಂತು. ಭವನವೇ ಕಿತ್ತು ಹೋಗುವಂತೆ ಬಂತು. ಬೆಂಗಳೂರಿನ ಹುಡುಗಿ ಕಣ್ಣೊರೆಸಿಕೊಂಡಳು.

ಪಕ್ಕದಲ್ಲಿದ್ದವಳು ನನ್ನ ಕಿವಿಯ ಹತ್ತಿರ ಬಾಗಿದಳು. "ಅಕ್ಕಾರ, ಅಕಿ ಬೈದಳಲ್ಲ. ಇವ್ರು ಯಾಕ ಚಪ್ಪಾಳಿ ಹೊಡ್ಯಾಕತ್ತಾರ?"

ಏನೋ ಹೇಳಬೇಕೆಂದು ಅವಳ ಕಡೆ ತಿರುಗಿದೆ. ಅವಳು ನನ್ನ ಮುಖ ನೋಡುತ್ತಿರಲಿಲ್ಲ, ನನ್ನ ಕೈಗಳನ್ನು ನೋಡುತ್ತಿದ್ದಳು. ನಾನೂ ಹೊಡೆಯುತ್ತಿದ್ದೆ.